ಓಟವನ್ನು ಯಾವ ದಿಣ್ಣೆಯಿಂದ ನೋಡಬೇಕು?

ಮೋಟಾರು ಓಟದ ವಿಷಯವನ್ನು ಪರಿಸರ ಪತ್ರಿಕೆಯ ಪುಟಗಳಲ್ಲಿ ಕಂಡಾಗ ಕೆಲವು ಓದುಗರಿಗೆ ಅಚ್ಚರಿಯಾಗಬಹುದು. ಇಂಧನವನ್ನು ಸುಟ್ಟು, ಗಾಳಿಯನ್ನು ಕೆಡಿಸಿ, ಹೊರಟ ಸ್ಥಳಕ್ಕೇ ಮರಳಿ ಬರುವ ಆಟವೆಂದು ಅದನ್ನು ಎರಡು ಸಾಲುಗಳಲ್ಲಿ ತಳ್ಳಿಹಾಕುವುದು ಕಷ್ಟದ ಕೆಲಸವೇನಲ್ಲ. ಆದರೆ ಮಲೆನಾಡಿನ ಹಳ್ಳಿಗಳ ತರುಣರು ಈ ಆಟವನ್ನು ಆಸೆಯಿಂದ ನೋಡುತ್ತಾರೆ. ಚಿಕ್ಕಮಗಳೂರು ಸುತ್ತಲಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲಿ ರ‍್ಯಾಲಿಗಳು ನಡೆದಾಗ ಧೂಳಿನ ನಡುವೆ ನಿಂತು ನೋಡಿದವರಲ್ಲಿ ಪಟ್ಟಣದವರಷ್ಟೇ ತೋಟದ ಮಕ್ಕಳೂ ಇದ್ದರು. ಜನ ಪ್ರೀತಿಸುವ ಒಂದು ಸಂಗತಿಯನ್ನು ಅರ್ಥ ಮಾಡಿಕೊಳ್ಳದೆ ಖಂಡಿಸುವ ಚಳವಳಿ ಬಹಳ ದೂರ ಸಾಗಲಾರದು.

ಆದುದರಿಂದ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುವುದು ಉಚಿತ. ಬೆಟ್ಟಸೀಮೆಯಲ್ಲಿ ಓಟ ನಡೆಯುವುದಾದರೆ ಅದನ್ನು ನೋಡುವವನು ಎಲ್ಲಿ ನಿಲ್ಲುತ್ತಾನೆ? ಹುಲ್ಲಿನ ದಿಣ್ಣೆಯ ಮೇಲೆಯೋ, ಕಾಂಕ್ರೀಟಿನ ಗ್ಯಾಲರಿಯಲ್ಲಿಯೋ, ಹವಾನಿಯಂತ್ರಿತ ಸಭಾಂಗಣದ ಗಾಜಿನ ಹಿಂದೆಯೋ? ಮೇಲ್ನೋಟಕ್ಕೆ ಇದು ಟಿಕೆಟ್ಟು ಕೊಳ್ಳುವವನ ಪ್ರಶ್ನೆಯಂತೆ ತೋರುತ್ತದೆ. ಆದರೆ ನೋಡುಗನಿಗೆ ಎಲ್ಲಿ ಜಾಗ ಮಾಡಿಕೊಡಲಾಗುತ್ತದೆ ಎಂಬುದರ ಮೇಲೆಯೇ ಬೆಟ್ಟದ ಮೇಲೆ ಏನು ಕಟ್ಟಲಾಗುತ್ತದೆ, ಯಾರ ಹಣ ಖರ್ಚಾಗುತ್ತದೆ, ಯಾರ ಮನೆಗೆ ನಾಲ್ಕು ಕಾಸು ಸೇರುತ್ತದೆ ಎಂಬುದೆಲ್ಲ ನಿರ್ಧಾರವಾಗುತ್ತದೆ. ಇದಕ್ಕೆ ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿರುವ ನ್ಯೂರ್ಬರ್ಗ್‌ರಿಂಗ್‌ಗಿಂತ ಒಳ್ಳೆಯ ನಿದರ್ಶನ ಇನ್ನೊಂದಿಲ್ಲ.

ಬಡ ಬೆಟ್ಟಕ್ಕೆ ಬಂದ ರಸ್ತೆ

ಐಫೆಲ್ ಎಂಬುದು ಜರ್ಮನಿಯ ಪಶ್ಚಿಮದ ಅಂಚಿನಲ್ಲಿರುವ ಹಳೆಯ ಜ್ವಾಲಾಮುಖಿಗಳ ಸೀಮೆ. ಅಲ್ಲಿನ ಅತಿ ಎತ್ತರದ ಶಿಖರವಾದ ಹೋಹೆ ಆಖ್ಟ್ 747 ಮೀಟರು. ಮುಳ್ಳಯ್ಯನಗಿರಿಯ 1,930 ಮೀಟರಿನ ಮುಂದೆ ಅದು ಸಣ್ಣ ಗುಡ್ಡ. ಆದರೆ ಚಳಿ, ಮಂಜು, ಮಳೆ ಮತ್ತು ತೆಳುಮಣ್ಣಿನ ಆ ನಾಡು ಬಹುಕಾಲ ಬಡತನದಲ್ಲಿತ್ತು. ಪ್ರಷ್ಯಾದ ಆಳ್ವಿಕೆಯಲ್ಲಿ ಅದನ್ನು ‘ಪ್ರಷ್ಯಾದ ಸೈಬೀರಿಯ’ ಎಂದು ಹಂಗಿಸುತ್ತಿದ್ದರು. ಮೊದಲ ಮಹಾಯುದ್ಧದ ನಂತರ ನಿರುದ್ಯೋಗ ಮಿತಿಮೀರಿತ್ತು. 1922ರಿಂದ ಆ ಸೀಮೆಯ ಸಾರ್ವಜನಿಕ ರಸ್ತೆಗಳಲ್ಲಿಯೇ ಮೋಟಾರು ಓಟಗಳು ನಡೆಯತೊಡಗಿದ್ದವು. ಊರುಗಳ ನಡುವೆ ಓಡಿಸುವ ಅಪಾಯವನ್ನು ತಪ್ಪಿಸಿ, ಅದೇ ವೇಳೆಗೆ ಜನರಿಗೆ ಕೂಲಿಯನ್ನೂ ಒದಗಿಸುವ ಉದ್ದೇಶದಿಂದ ಪ್ರತ್ಯೇಕ ಪಥವನ್ನು ಕಟ್ಟುವ ಯೋಜನೆಗೆ ಆಡೆನಾವ್ ಜಿಲ್ಲೆಯ ಆಡಳಿತಾಧಿಕಾರಿ ಡಾ. ಓಟ್ಟೋ ಕ್ರಾಯ್ಟ್ಸ್ ಬೆನ್ನೆಲುಬಾದರು.

1925ರ ಸೆಪ್ಟೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಎರಡು ಸಾವಿರಕ್ಕೂ ಹೆಚ್ಚು ಕೂಲಿಗಳು ದುಡಿದರು. 1927ರ ಜೂನ್ 18ರಂದು ಪಥ ತೆರೆಯಿತು. ಮರುದಿನ ನಡೆದ ಕಾರುಗಳ ಓಟವನ್ನು ರುಡೋಲ್ಫ್ ಕರಾಚ್ಚಿಯೋಲ ಗೆದ್ದರು. ಉತ್ತರ ಸುತ್ತು, ದಕ್ಷಿಣ ಸುತ್ತು ಎರಡೂ ಸೇರಿ 28 ಕಿಲೋಮೀಟರಿಗೂ ಉದ್ದವಾದ ಈ ಪಥ ನ್ಯೂರ್ಬರ್ಗ್ ಎಂಬ ಪುಟ್ಟ ಹಳ್ಳಿಯನ್ನೂ ಅದರ ನೆತ್ತಿಯ ಮೇಲಿನ ಹಳೆಯ ಕೋಟೆಯನ್ನೂ ಬಳಸಿಕೊಂಡು, ಕಾಡಿನೊಳಗೆ ಇಳಿದು, ಹತ್ತಿ, ಮತ್ತೆ ಇಳಿದು ಸಾಗುತ್ತಿತ್ತು. ಇಂದು ಉಳಿದಿರುವ ಉತ್ತರ ಸುತ್ತಿನ ಉದ್ದ 20.832 ಕಿಲೋಮೀಟರು. ಅದರ ಅತಿ ತಗ್ಗಿನ ಸ್ಥಳಕ್ಕೂ ಅತಿ ಎತ್ತರದ ಸ್ಥಳಕ್ಕೂ ಸುಮಾರು 300 ಮೀಟರುಗಳ ಅಂತರವಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಾಲದ ಎಂಜಿನಿಯರುಗಳಿಗೆ ಬೆಟ್ಟವನ್ನು ಸಮತಟ್ಟು ಮಾಡುವ ಯಂತ್ರಬಲವಿರಲಿಲ್ಲ. ಗುದ್ದಲಿ, ಪಿಕಾಸಿಗಳಿಂದ ನಡೆದ ಕೆಲಸದಲ್ಲಿ ರಸ್ತೆಯು ಬೆಟ್ಟದ ಮೈಯನ್ನು ಅನುಸರಿಸಲೇಬೇಕಾಯಿತು. ಕಾಡನ್ನು ಕಡಿದದ್ದು ನಿಜ, ವೆಚ್ಚ ಮೊದಲ ಅಂದಾಜನ್ನು ಬಹಳ ಮೀರಿದ್ದೂ ನಿಜ. ಆದರೂ ಇಳಿಜಾರು ಇಳಿಜಾರಾಗಿಯೇ, ಕಣಿವೆ ಕಣಿವೆಯಾಗಿಯೇ ಉಳಿಯಿತು. ಆ ಪಥದ ಕೀರ್ತಿಗೂ ಅದರ ಭೀತಿಗೂ ಬೆಟ್ಟದ ಈ ಏರಿಳಿತವೇ ಕಾರಣ.

ಬೆಟ್ಟವೇ ಗ್ಯಾಲರಿಯಾದಲ್ಲಿ

ಬಯಲುಸೀಮೆಯ ಪಥಗಳಲ್ಲಿ ನೋಡುಗನನ್ನು ಎತ್ತರಕ್ಕೇರಿಸಲು ಉಕ್ಕಿನ ಗ್ಯಾಲರಿಗಳನ್ನು ಕಟ್ಟಬೇಕಾಗುತ್ತದೆ. ದೆಹಲಿಯ ಸಮೀಪ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಪಥದಲ್ಲಿ ಹಾಗೆಯೇ ಮಾಡಲಾಯಿತು. ಅಲ್ಲಿ 2011ರಿಂದ 2013ರವರೆಗೆ ಮೂರು ಬಾರಿ ಫಾರ್ಮುಲಾ ಒನ್ ಓಟ ನಡೆದು ನಿಂತುಹೋಯಿತು. ಐಫೆಲ್‌ನ ಉತ್ತರ ಸುತ್ತಿನಲ್ಲಿ ಆ ಕೆಲಸವನ್ನು ಬೆಟ್ಟವೇ ಮಾಡಿದೆ.

ಬ್ರೂನ್‌ಶೆನ್ ಎಂಬಲ್ಲಿಗೆ ಅತಿ ಹೆಚ್ಚು ಜನ ಬರುತ್ತಾರೆ. ರಸ್ತೆಯ ಪಕ್ಕದಲ್ಲಿ ವಾಹನ ನಿಲ್ಲಿಸಿ ಕೆಲವೇ ಹೆಜ್ಜೆ ನಡೆದರೆ ಹುಲ್ಲಿನ ಇಳಿಜಾರು ಸಿಗುತ್ತದೆ. ಕಾರುಗಳು ಎದುರಿನ ಕಾಡಿನಿಂದ ಹೊರಬಿದ್ದು, ತಗ್ಗಿಗೆ ಧುಮುಕಿ, ಬಲಕ್ಕೆ ಹೊರಳಿ ಮತ್ತೆ ದಿಬ್ಬವನ್ನೇರುವ ನೋಟ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ಮಳೆಯ ದಿನ ಅನುಭವವಿಲ್ಲದ ಚಾಲಕರು ಜಾರುವುದೂ ಇಲ್ಲಿಯೇ. ಅದನ್ನು ಚಿತ್ರೀಕರಿಸಲೆಂದೇ ಕ್ಯಾಮೆರಾ ಹಿಡಿದು ಕಾಯುವವರಿದ್ದಾರೆ. ಅನ್ಯರ ಅಪಘಾತವನ್ನು ಕಾದು ಕುಳಿತು ನೋಡುವ ಈ ರೂಢಿ ಯಾವ ದೇಶದಲ್ಲಿದ್ದರೂ ಹೊಗಳತಕ್ಕದ್ದಲ್ಲ.

ಅಲ್ಲಿಂದ ಮುಂದಿನ ಫ್ಲಾನ್ಸ್‌ಗಾರ್ಟನ್‌ನಲ್ಲಿ ರಸ್ತೆ ಇದ್ದಕ್ಕಿದ್ದಂತೆ ಕೆಳಕ್ಕೆ ಬೀಳುವುದರಿಂದ ಕಾರುಗಳ ಚಕ್ರಗಳು ನೆಲವನ್ನು ಬಿಡುತ್ತವೆ. ಆಡೆನಾವ್ ಪಟ್ಟಣಕ್ಕೆ ಸೇರಿದ ಬ್ರೈಟ್‌ಶೈಡ್‌ನಲ್ಲಿ ಓಟದ ಪಥವು ಊರಿನ ರಸ್ತೆಯ ಮೇಲೆ ಸೇತುವೆಯಾಗಿ ಹಾದುಹೋಗುತ್ತದೆ. ಇದು ಪಥದ ಅತಿ ತಗ್ಗಿನ ಸ್ಥಳ. ಕಡಿದಾದ ಇಳಿಜಾರಿನಿಂದ ಬಂದ ಕಾರು ಸೇತುವೆಯನ್ನು ದಾಟಿ ಎದುರಿನ ಏರನ್ನು ಹಿಡಿಯುವುದನ್ನು ಪಟ್ಟಣದ ಜನ ಪೇಟೆಗೆ ಹೋಗುವ ದಾರಿಯಲ್ಲಿಯೇ ನೋಡಬಹುದು. ಹಾಟ್ಸೆನ್‌ಬಾಖ್‌ನ ಅಂಕುಡೊಂಕಿನ ತಿರುವುಗಳಿಗೆ ನ್ಯೂರ್ಬರ್ಗ್ ಹಳ್ಳಿಯ ಕಡೆಯಿಂದ ನಡೆದೇ ಹೋಗಬಹುದು. ಆಡೆನಾವರ್ ಫಾರ್ಸ್ಟ್‌ನಲ್ಲಿ ವೇಗದ ಇಳಿಜಾರಿನ ನಂತರ ಎದುರಾಗುವ ಇಕ್ಕಟ್ಟಾದ ಎಡ-ಬಲ ತಿರುವು ಹೊಸಬರನ್ನು ಹುಲ್ಲಿಗೆ ಇಳಿಸಿಯೇಬಿಡುತ್ತದೆ. ಎರಡು ಕಿಲೋಮೀಟರಿಗೂ ಉದ್ದವಾದ ಡೋಟಿಂಗರ್ ಹೋಹೆಯ ನೇರ ರಸ್ತೆ ಹೆದ್ದಾರಿಯ ಬದಿಯಲ್ಲಿಯೇ ಇದ್ದರೂ ಅಲ್ಲಿ ವೇಗವನ್ನು ಬಿಟ್ಟು ನೋಡುವುದಕ್ಕೆ ಬೇರೇನೂ ಇಲ್ಲ.

ಎಲ್ಲಕ್ಕಿಂತ ಪ್ರಸಿದ್ಧವಾದ ತಾಣ ಕರುಸೆಲ್. ಇದು ಕಾಂಕ್ರೀಟಿನ ಚಪ್ಪಡಿಗಳನ್ನು ಹಾಸಿದ, ಬಾಣಲೆಯ ಅಂಚಿನಂತೆ ಓರೆಯಾದ ಹಿಮ್ಮುರಿ ತಿರುವು. ಮೊದಲಲ್ಲಿ ಒಳಬದಿಯ ಓರೆಯು ಓಡಿಸುವ ದಾರಿಯಾಗಿರಲಿಲ್ಲ. ಕರಾಚ್ಚಿಯೋಲ ಅದರೊಳಕ್ಕೆ ಕಾರಿಳಿಸಿ ವೇಗವಾಗಿ ಹೊರಬರುವುದನ್ನು ರೂಢಿಗೆ ತಂದರೆಂದು ಹೇಳಲಾಗುತ್ತದೆ. ತಿರುವಿನ ಆರಂಭ ಚಾಲಕನಿಗೆ ಕಾಣದ ಕಾರಣ, ಮುಂದಿರುವ ಅತಿ ಎತ್ತರದ ಮರವೊಂದನ್ನು ಗುರಿಯಾಗಿಟ್ಟುಕೊಂಡು ಬರಬೇಕೆಂಬ ಮಾತು ಹಳೆಯ ಚಾಲಕರಲ್ಲಿ ಪ್ರಚಲಿತವಾಗಿತ್ತು. ಈ ತಾಣಕ್ಕೆ ತಲುಪಬೇಕಾದರೆ ಕಾಡಿನ ದಾರಿಯಲ್ಲಿ ನಡೆಯಬೇಕು. ಅದನ್ನು ತೊಂದರೆಯೆಂದು ಭಾವಿಸುವವರಿದ್ದಾರೆ. ನಿಜಕ್ಕೂ ಅದು ಈ ತಾಣದ ರಕ್ಷಣೆ. ನಡೆದು ಬರುವಷ್ಟು ಆಸಕ್ತಿ ಇದ್ದವರು ಮಾತ್ರ ಅಲ್ಲಿಗೆ ಬರುತ್ತಾರೆ, ಹೊತ್ತು ತಂದದ್ದನ್ನು ಹೊತ್ತುಕೊಂಡೇ ಹೋಗಬೇಕೆಂಬ ಅರಿವೂ ಅವರಲ್ಲಿ ಸಾಮಾನ್ಯವಾಗಿ ಇರುತ್ತದೆ.

ಇಷ್ಟು ಉದ್ದದ ಪಥದಲ್ಲಿ ಒಂದು ಕಾರು ಒಮ್ಮೆ ಕಣ್ಣಮುಂದೆ ಹಾದುಹೋದರೆ ಮತ್ತೆ ಬರುವುದು ಎಂಟೊಂಬತ್ತು ನಿಮಿಷಗಳ ಬಳಿಕ. ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ವೇಗದ ಆಟದಲ್ಲಿ ನೋಡುಗನ ಪಾಲಿಗೆ ಬರುವುದು ಹೆಚ್ಚಾಗಿ ಕಾಯುವ ಕೆಲಸ. ಆ ಬಿಡುವಿನಲ್ಲಿ ಬೀಚ್ ಮತ್ತು ಸ್ಪ್ರೂಸ್ ಮರಗಳ ಸದ್ದು ಕೇಳುತ್ತದೆ. ಒಂದು ದಿಣ್ಣೆಯ ಮೇಲೆ ಬಿಸಿಲಿರುವಾಗ ಇನ್ನೊಂದು ಕಣಿವೆಯಲ್ಲಿ ಮಳೆ ಸುರಿಯುವುದು ಅಲ್ಲಿ ಸಾಮಾನ್ಯ. ಘಟ್ಟದ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೆಸರುಗಳಲ್ಲಿ ಉಳಿದ ಕಾಡು

ಈ ತಾಣಗಳ ಹೆಸರುಗಳು ಕಾರಿನವರು ಕೊಟ್ಟವಲ್ಲ. ಬಹುಪಾಲು ಅಲ್ಲಿನ ರೈತರ, ಮರ ಕಡಿಯುವವರ, ದನಗಾಹಿಗಳ ನಾಲಿಗೆಯ ಮೇಲಿದ್ದ ಹೆಸರುಗಳು. ಬ್ರೂನ್‌ಶೆನ್ ಎಂದರೆ ಸಣ್ಣ ಊಟೆ, ಒರತೆ. ಫ್ಲಾನ್ಸ್‌ಗಾರ್ಟನ್ ಎಂದರೆ ಅರಣ್ಯದ ಸಸಿಮಡಿ. ಬೆರ್ಗ್‌ವೆರ್ಕ್ ಎಂದರೆ ಗಣಿ. ಹತ್ತಿರದಲ್ಲಿ ಹಿಂದೆ ಅದಿರು ತೆಗೆಯುತ್ತಿದ್ದರು. ಟೀರ್‌ಗಾರ್ಟನ್ ಎಂದರೆ ಬೇಟೆಯ ಪ್ರಾಣಿಗಳನ್ನು ಸಾಕುತ್ತಿದ್ದ ಆವರಣ. ಶ್ವಾಲ್ಬೆನ್‌ಶ್ವಾನ್ಸ್ ಎಂದರೆ ಕವಲುತೋಕೆ ಹಕ್ಕಿಯ ಬಾಲ. ಗಾಲ್ಗನ್‌ಕೋಫ್ ಎಂಬುದು ನೇಣುಗಂಬವಿದ್ದ ದಿಬ್ಬದ ಹೆಸರು. ಶ್ವೇಡನ್‌ಕ್ರಾಯ್ಟ್ಸ್ ಎಂಬ ಅತಿವೇಗದ ತಿರುವು ಹದಿನೇಳನೆಯ ಶತಮಾನದ ಮೂವತ್ತು ವರ್ಷಗಳ ಯುದ್ಧವನ್ನು ನೆನಪಿಸುವ ಕಲ್ಲಿನ ಶಿಲುಬೆಯಿಂದ ಹೆಸರು ಪಡೆಯಿತು. ಫುಕ್ಸ್‌ರೋರೆ ಎಂದರೆ ನರಿಯ ಕೊಳವೆ. ಪಥ ಕಟ್ಟುವಾಗ ನರಿಯೊಂದು ಚರಂಡಿಯ ಕೊಳವೆಯೊಳಗೆ ಓಡಿ ಅಡಗಿದ ಕಥೆ ಆ ಹೆಸರಿಗೆ ಅಂಟಿಕೊಂಡಿದೆ.

ಮಲೆನಾಡಿನಲ್ಲಿಯೂ ಪ್ರತಿ ಹಳ್ಳಕ್ಕೆ, ಬ್ಯಾಣಕ್ಕೆ, ಬನಕ್ಕೆ ಒಂದೊಂದು ಹೆಸರಿದೆ. ರೆಸಾರ್ಟು ಬಂದ ಮೇಲೆ ಆ ಹೆಸರುಗಳು ಅಳಿದು, ‘ವ್ಯೂ ಪಾಯಿಂಟ್’ ಎಂಬ ಒಂದೇ ಹೆಸರು ಎಲ್ಲ ದಿಣ್ಣೆಗಳಿಗೂ ಬೀಳುತ್ತಿದೆ. ಐಫೆಲ್‌ನಲ್ಲಿ ಓಟದ ಪಥ ಬಂದು ಸುಮಾರು ನೂರು ವರ್ಷಗಳಾಗುತ್ತಿದ್ದರೂ ಊಟೆಯ ಹೆಸರು ಊಟೆಗೇ ಉಳಿದಿದೆ. ಪ್ರಪಂಚದ ನಾನಾ ಮೂಲೆಗಳ ತರುಣರು ಆ ಹೆಸರುಗಳನ್ನು ಬಾಯಿಪಾಠವಾಗಿ ಬಲ್ಲರು. ಆದರೆ ಅವುಗಳ ಅರ್ಥವನ್ನು ಬಲ್ಲವರು ವಿರಳ. ಓಟವನ್ನು ನೋಡಲು ಹೋಗುವ ವಿದ್ಯಾರ್ಥಿ ಆ ಅರ್ಥವನ್ನೂ ಕೇಳಿ ತಿಳಿದರೆ ಅವನಿಗೆ ಕಾಣುವ ಬೆಟ್ಟವೇ ಬೇರೆಯಾಗುತ್ತದೆ.

ಬೇಲಿಯ ಈಚೆ, ಬೇಲಿಯ ಆಚೆ

1968ರಲ್ಲಿ ದಟ್ಟ ಮಂಜು ಮತ್ತು ಮಳೆಯ ನಡುವೆ ನಡೆದ ಜರ್ಮನ್ ಗ್ರ್ಯಾನ್‌ಪ್ರಿಯನ್ನು ಸ್ಕಾಟ್ಲೆಂಡಿನ ಜ್ಯಾಕಿ ಸ್ಟೂವರ್ಟ್ ನಾಲ್ಕು ನಿಮಿಷಗಳಿಗೂ ಹೆಚ್ಚಿನ ಅಂತರದಿಂದ ಗೆದ್ದರು. ಅವರು ಆ ಪಥಕ್ಕೆ ಕೊಟ್ಟ ‘ಹಸಿರು ನರಕ’ ಎಂಬ ಹೆಸರು ಇಂದಿಗೂ ಉಳಿದಿದೆ. ಗೆದ್ದವರೇ ಸುರಕ್ಷತೆಗಾಗಿ ಹೋರಾಟಕ್ಕಿಳಿದದ್ದು ಸ್ಮರಣೀಯ. 1970ರಲ್ಲಿ ಚಾಲಕರು ಅಲ್ಲಿ ಓಡಲು ಒಪ್ಪದೆ ಪಂದ್ಯ ಹೊಕೆನ್‌ಹೈಮ್‌ಗೆ ಹೋಯಿತು. ಬಳಿಕ ಪಥದ ಅಂಚಿನ ಮರಗಳನ್ನು ಕಡಿದು, ಉಕ್ಕಿನ ತಡೆಗಳನ್ನು ಹಾಕಲಾಯಿತು. ಆದರೂ 1976ರ ಆಗಸ್ಟ್ 1ರಂದು ಬೆರ್ಗ್‌ವೆರ್ಕ್ ತಿರುವಿಗೆ ಮುನ್ನ ನಿಕಿ ಲೌಡ ಅವರ ಕಾರು ಅಪ್ಪಳಿಸಿ ಹೊತ್ತಿಕೊಂಡಿತು. ಅವರನ್ನು ಬೆಂಕಿಯಿಂದ ಎಳೆದು ತೆಗೆದವರು ಹಿಂದೆ ಬಂದ ಇತರ ಚಾಲಕರು. ಇಷ್ಟು ಉದ್ದದ ಪಥದ ಪ್ರತಿ ಮೂಲೆಗೂ ತಕ್ಷಣ ನೆರವು ತಲುಪಿಸಲಾಗದೆಂಬುದು ಎಲ್ಲರ ಕಣ್ಣಿಗೂ ಬಿತ್ತು. ಫಾರ್ಮುಲಾ ಒನ್ ಓಟ ಆ ಹಳೆಯ ಸುತ್ತಿಗೆ ಮತ್ತೆಂದೂ ಬರಲಿಲ್ಲ. 1984ರಲ್ಲಿ ಪಕ್ಕದಲ್ಲಿಯೇ ಚಿಕ್ಕದಾದ ಹೊಸ ಪಥ ತೆರೆಯಿತು.

ಅಪಾಯ ಓಡಿಸುವವನದು ಮಾತ್ರವಲ್ಲ. 2015ರ ಮಾರ್ಚ್ 28ರಂದು ಫ್ಲೂಗ್‌ಪ್ಲಾಟ್ಸ್ ಎಂಬ ಏರಿನಲ್ಲಿ ಒಂದು ಕಾರು ಗಾಳಿಗೆದ್ದು ಬೇಲಿಯ ಮೇಲಿಂದ ನೋಡುಗರಿದ್ದೆಡೆಗೆ ಬಿದ್ದಿತು; ಒಬ್ಬ ಪ್ರೇಕ್ಷಕ ಪ್ರಾಣ ಕಳೆದುಕೊಂಡ. ಆ ಬಳಿಕ ಕೆಲಕಾಲ ಕೆಲವು ಭಾಗಗಳಲ್ಲಿ ವೇಗಕ್ಕೆ ಮಿತಿ ಹಾಕಿ, ರಸ್ತೆಯ ಉಬ್ಬುಗಳನ್ನು ಸರಿಪಡಿಸಿ, ಬೇಲಿಗಳನ್ನು ಬಲಪಡಿಸಲಾಯಿತು. ಇದರಿಂದ ರ‍್ಯಾಲಿ ನೋಡಲು ಹೋಗುವ ಮಲೆನಾಡಿನ ಹುಡುಗರು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ತಿರುವಿನ ಹೊರಬದಿಯಲ್ಲಿ, ರಸ್ತೆಗಿಂತ ತಗ್ಗಿನಲ್ಲಿ, ಕಾರು ನೆಗೆದು ಬೀಳುವ ಏರಿನ ಮುಂದೆ ಎಂದೂ ನಿಲ್ಲಬಾರದು. ಒಳಬದಿಯ ಎತ್ತರದಲ್ಲಿ, ಹಿಂದೆ ಸರಿಯಲು ಜಾಗವಿರುವಲ್ಲಿ, ಬಲವಾದ ತಡೆಯ ಹಿಂದೆ ನಿಲ್ಲಬೇಕು. ಮಣ್ಣು ರಸ್ತೆಯ ರ‍್ಯಾಲಿಗಳಲ್ಲಿ ತಡೆಯೇ ಇರುವುದಿಲ್ಲವಾದ್ದರಿಂದ ಅಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು.

ದಿಣ್ಣೆಯಿಂದ ಗಾಜಿನ ಮಂಟಪಕ್ಕೆ

ಐಫೆಲ್‌ನ ಕಥೆಯಲ್ಲಿ ಬೆಟ್ಟಸೀಮೆಯ ಜನ ಮುಖ್ಯವಾಗಿ ತಿಳಿಯಬೇಕಾದ ಭಾಗ ಇನ್ನು ಮುಂದಿದೆ.

1970ರಿಂದ ಅಲ್ಲಿ ನಡೆಯುತ್ತಿರುವ 24 ಗಂಟೆಗಳ ಓಟಕ್ಕೆ ಇತ್ತೀಚಿನ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದಾರೆ. ಬಹುಮಂದಿ ದಿನಗಳ ಮೊದಲೇ ಬಂದು ಪಥದ ಬದಿಯ ಬಯಲುಗಳಲ್ಲಿ ಡೇರೆ ಹಾಕುತ್ತಾರೆ, ಮರದ ಅಟ್ಟಣೆ ಕಟ್ಟುತ್ತಾರೆ, ಒಲೆ ಹೂಡುತ್ತಾರೆ. ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಕೊಠಡಿಗಳು ತುಂಬುತ್ತವೆ. ರೊಟ್ಟಿ ಅಂಗಡಿಯಿಂದ ಪೆಟ್ರೋಲು ಬಂಕಿನವರೆಗೆ ವ್ಯಾಪಾರ ನಡೆಯುತ್ತದೆ. ಓಟವಿಲ್ಲದ ದಿನಗಳಲ್ಲಿ ಸಾಮಾನ್ಯ ಜನರೂ ಸುಂಕ ಕೊಟ್ಟು ಆ ಪಥದಲ್ಲಿ ತಮ್ಮ ವಾಹನ ಓಡಿಸಬಹುದು. ಊರಿನ ಬದುಕು ಈ ಪಥಕ್ಕೆ ಹೊಂದಿಕೊಂಡು ಹಲವು ತಲೆಮಾರುಗಳಾಗಿವೆ.

ಇಷ್ಟಕ್ಕೆ ತೃಪ್ತಿಪಡದ ರೈನ್‌ಲ್ಯಾಂಡ್-ಪಲಾಟಿನೇಟ್ ರಾಜ್ಯ ಸರ್ಕಾರ, ವರ್ಷದ ಎಲ್ಲ ದಿನಗಳಲ್ಲಿಯೂ ಪ್ರವಾಸಿಗರು ಬರಬೇಕೆಂದು ಬೃಹತ್ ಮನೋರಂಜನಾ ಸಂಕೀರ್ಣವೊಂದನ್ನು ಯೋಜಿಸಿತು. ಹೋಟೆಲುಗಳು, ಅಂಗಡಿ ಸಾಲುಗಳು, ಸಭಾಂಗಣಗಳು, ಒಳಾಂಗಣ ಪ್ರದರ್ಶನ, ಅತಿವೇಗದ ರೋಲರ್ ಕೋಸ್ಟರ್ ಎಲ್ಲವೂ ಅದರಲ್ಲಿ ಸೇರಿದ್ದವು. ಖಾಸಗಿ ಬಂಡವಾಳ ಬರುವುದೆಂಬ ಭರವಸೆ ಇತ್ತು, ಅದು ಬರಲಿಲ್ಲ. ರಾಜ್ಯದ ಹಣಕಾಸು ಸಚಿವರು 2009ರ ಜುಲೈನಲ್ಲಿ ರಾಜೀನಾಮೆ ನೀಡಿದರು. 2014ರಲ್ಲಿ ನ್ಯಾಯಾಲಯವು ಅವರನ್ನು ವಿಶ್ವಾಸದ್ರೋಹದ ಅಪರಾಧಿಯೆಂದು ತೀರ್ಮಾನಿಸಿತು. ಸಾರ್ವಜನಿಕ ಹಣದಿಂದಲೇ ಕಟ್ಟಬೇಕಾದ ಆ ಸಂಕೀರ್ಣಕ್ಕೆ ತಗುಲಿದ ವೆಚ್ಚ ಸುಮಾರು 33 ಕೋಟಿ ಯೂರೊ. ರೋಲರ್ ಕೋಸ್ಟರು ಪರೀಕ್ಷೆಯ ಹಂತದಲ್ಲಿಯೇ ಕೆಟ್ಟು, ವರ್ಷಗಳ ನಂತರ 2013ರಲ್ಲಿ ಕೆಲವೇ ದಿನ ಓಡಿ ನಿಂತಿತು. 2012ರಲ್ಲಿ ಪಥದ ಒಡೆತನ ಹೊಂದಿದ್ದ ಸರ್ಕಾರಿ ಸಂಸ್ಥೆ ದಿವಾಳಿಯಾಯಿತು. 2014ರಲ್ಲಿ ಪಥವನ್ನೂ ಕಟ್ಟಡಗಳನ್ನೂ ಸೇರಿಸಿ 7.7 ಕೋಟಿ ಯೂರೊಗಳಿಗೆ ಖಾಸಗಿಯವರಿಗೆ ಮಾರಲಾಯಿತು. ಸಾರ್ವಜನಿಕ ಆಸ್ತಿಯನ್ನು ಹೀಗೆ ಮಾರಿದ್ದನ್ನು ಪ್ರಶ್ನಿಸಿ ಪಥದ ಅಭಿಮಾನಿಗಳ ಸಂಘವೊಂದು ಯುರೋಪಿನ ನ್ಯಾಯಾಲಯದವರೆಗೂ ಹೋಯಿತು.

ಈ ಯೋಜನೆ ಏಕೆ ಸೋತಿತು? ಹಣಕಾಸಿನ ಅವ್ಯವಹಾರ ಒಂದು ಕಾರಣ. ಅದಕ್ಕಿಂತ ಆಳವಾದ ಕಾರಣವೆಂದರೆ ಜನ ಆ ಬೆಟ್ಟಕ್ಕೆ ಏತಕ್ಕಾಗಿ ಬರುತ್ತಾರೆಂಬುದನ್ನು ಯೋಜಕರು ತಿಳಿಯದೆ ಹೋದದ್ದು. ಬ್ರೂನ್‌ಶೆನ್‌ನ ಹುಲ್ಲಿನ ಮೇಲೆ ಮಳೆಯಲ್ಲಿ ನೆನೆಯುತ್ತ ನಿಲ್ಲಲು ಬಂದವನನ್ನು ಗಾಜಿನ ಮಂಟಪದೊಳಗೆ ಕೂರಿಸಿ, ಬೆಟ್ಟದ ಅನುಕರಣೆಯೊಂದನ್ನು ಮಾರಲು ಹೊರಟರು. ನೋಡುಗನನ್ನು ದಿಣ್ಣೆಯಿಂದ ಎಬ್ಬಿಸಿ ಕಟ್ಟಡದೊಳಕ್ಕೆ ತಂದರೆ ಹಳ್ಳಿಯ ಕೊಠಡಿಗೆ, ಹಳ್ಳಿಯ ಅಂಗಡಿಗೆ ಹೋಗುವ ಹಣವೂ ಕಟ್ಟಡದೊಳಕ್ಕೆ ಬರುತ್ತದೆ. ಊರಿನ ಸಣ್ಣ ಹೋಟೆಲಿನವನು ತಾನೇ ತೆರಿಗೆ ಕೊಟ್ಟು ಕಟ್ಟಿಸಿದ ಸರ್ಕಾರಿ ಹೋಟೆಲಿನೊಡನೆ ಪೈಪೋಟಿ ನಡೆಸಬೇಕಾಗುತ್ತದೆ. ಅಭಿವೃದ್ಧಿಯೆಂಬ ಹೆಸರಿನಲ್ಲಿ ಬೆಟ್ಟಗಳಿಗೆ ಬರುವ ಬಹಳಷ್ಟು ಯೋಜನೆಗಳ ಒಳತಿರುಳು ಇದೇ.

ದಿಣ್ಣೆಯ ನೋಡುಗನೂ ದೋಷಮುಕ್ತನೇನಲ್ಲ. ಲಕ್ಷಾಂತರ ಜನ ಕಾಡಿನ ಅಂಚಿಗೆ ಬಂದಾಗ ಕಸ, ಬೆಂಕಿ, ತುಳಿತ ಎಲ್ಲವೂ ಜೊತೆಗೇ ಬರುತ್ತವೆ. ಮೊಟ್ಟೆಯಿಡುವ ಹಕ್ಕಿಗೆ ಎಂಜಿನ್ನಿನ ಸದ್ದು ಹಬ್ಬವಲ್ಲ. ಸಾರ್ವಜನಿಕ ಚಾಲನೆಯ ದಿನಗಳಲ್ಲಿ 95 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡುವ ವಾಹನಗಳನ್ನು ಅಲ್ಲಿ ಪಥಕ್ಕೆ ಬಿಡುವುದಿಲ್ಲವಾದರೂ, ಮನೆಯ ಹಿತ್ತಿಲಿನಲ್ಲಿಯೇ ಪಥವಿರುವವರಿಗೆ ಆ ಮಿತಿ ಎಷ್ಟು ನೆಮ್ಮದಿ ಕೊಟ್ಟೀತು? ಆದುದರಿಂದ ಇಲ್ಲಿ ಪ್ರತಿಪಾದಿಸುತ್ತಿರುವುದು ಓಟದ ಮಹಿಮೆಯನ್ನಲ್ಲ. ಎರಡು ಕೆಡುಕುಗಳಲ್ಲಿ ದಿಣ್ಣೆಯ ಕೆಡುಕು ಸರಿಪಡಿಸಲು ಬರುವಂಥದ್ದು: ಕಸವನ್ನು ಹೆಕ್ಕಬಹುದು, ದಿನಗಳನ್ನು ಕಡಿಮೆ ಮಾಡಬಹುದು, ಒಂದು ದಿಣ್ಣೆಗೆ ಒಂದು ವರ್ಷ ರಜೆ ಕೊಡಬಹುದು. ಕಡಿದು ಸಮತಟ್ಟು ಮಾಡಿ ಕಾಂಕ್ರೀಟು ಸುರಿದ ಬೆಟ್ಟಕ್ಕೆ ರಜೆ ಕೊಟ್ಟು ಪ್ರಯೋಜನವಿಲ್ಲ.

ನೀರು ಬಂದ ರಾತ್ರಿ

2021ರ ಜುಲೈ 14 ಮತ್ತು 15ರಂದು ಐಫೆಲ್ ಬೆಟ್ಟಗಳ ಮೇಲೆ ಸುರಿದ ಮಹಾಮಳೆ ಆಹ್ರ್ ನದಿಯ ಕಣಿವೆಯನ್ನು ಕೊಚ್ಚಿಹಾಕಿತು. ಆ ಕಣಿವೆಯೊಂದರಲ್ಲಿಯೇ 130ಕ್ಕೂ ಹೆಚ್ಚು ಜನ ಸತ್ತರು. ಆಡೆನಾವ್ ಪಟ್ಟಣದ ಹೊಳೆಯೂ ಅದೇ ನದಿಯನ್ನು ಸೇರುತ್ತದೆ. ಆಗ ನ್ಯೂರ್ಬರ್ಗ್‌ರಿಂಗ್‌ನ ವಿಶಾಲವಾದ ನಿಲುಗಡೆಯ ಜಾಗಗಳು ಅಗ್ನಿಶಾಮಕ ದಳಗಳಿಗೆ, ರಕ್ಷಣಾ ತಂಡಗಳಿಗೆ ನೆಲೆಯಾದವು. ದಾನವಾಗಿ ಬಂದ ಬಟ್ಟೆಬರೆ, ಸಾಮಗ್ರಿಗಳನ್ನು ಅಲ್ಲಿ ಕೂಡಿಟ್ಟು ಹಂಚಲಾಯಿತು. ಓಟದ ಪಥ ಅಂದು ಮಾಡಿದ ಉಪಕಾರವನ್ನು ಮರೆಯುವುದು ನ್ಯಾಯವಲ್ಲ.

ಹಾಗೆಯೇ ಆ ಪ್ರವಾಹಕ್ಕೆ ಓಟದ ಪಥವೇ ಕಾರಣವೆಂದು ಹೇಳುವುದೂ ತಪ್ಪು. ಮಳೆಯ ಪ್ರಮಾಣ, ಇಕ್ಕಟ್ಟಾದ ಕಣಿವೆ, ಹೊಳೆಯ ಅಂಚಿನವರೆಗೆ ಕಟ್ಟಿದ ಮನೆಗಳು, ತಡವಾದ ಎಚ್ಚರಿಕೆ ಹೀಗೆ ಹಲವು ಕಾರಣಗಳು ಕೂಡಿದ್ದವು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನೂ, 2024ರ ಜುಲೈನಲ್ಲಿ ವಯನಾಡಿನ ಊರುಗಳು ಮಣ್ಣಿನಡಿ ಹೋದುದನ್ನೂ ಕಂಡ ಜನರಿಗೆ ಒಂದು ಮಾತು ಮನದಟ್ಟಾಗಿದೆ: ಬೆಟ್ಟದ ನೆತ್ತಿಯ ಮೇಲೆ ಏನನ್ನು ಕಟ್ಟಿದರೂ ಅದರ ಲೆಕ್ಕವನ್ನು ಕಣಿವೆಯಲ್ಲಿರುವವರು ಕೇಳುವ ಹಕ್ಕು ಪಡೆದಿದ್ದಾರೆ. ನೀರನ್ನು ಹೀರುವ ಹುಲ್ಲಿನ ದಿಣ್ಣೆಗೂ, ನೀರನ್ನು ಜಾರಿಸುವ ಡಾಂಬರಿನ ಬಯಲಿಗೂ ಇರುವ ವ್ಯತ್ಯಾಸ ಬಿಸಿಲಿನ ದಿನಗಳಲ್ಲಿ ಕಾಣುವುದಿಲ್ಲ.

ಕೇಳಲೇಬೇಕಾದ ಪ್ರಶ್ನೆಗಳು

ಸಹ್ಯಾದ್ರಿಯ ಸಾಲಿನಲ್ಲಿ ಸಾಹಸ ಕ್ರೀಡೆ, ಜೀಪು ವಿಹಾರ, ರ‍್ಯಾಲಿ, ರೋಪ್‌ವೇ ಎಂದು ನಾನಾ ಹೆಸರಿನ ಪ್ರಸ್ತಾವಗಳು ಬರುತ್ತಲೇ ಇರುತ್ತವೆ. ಎಲ್ಲವನ್ನೂ ಒಂದೇ ಏಟಿಗೆ ಬೇಡವೆನ್ನುವ ಬದಲು ಹಳ್ಳಿಯ ಜನ ಕೆಲವು ನೇರ ಪ್ರಶ್ನೆಗಳನ್ನು ಮುಂದಿಡಬೇಕು. ನೋಡಲು ಬರುವವನು ಎಲ್ಲಿ ನಿಲ್ಲುತ್ತಾನೆ, ಅಲ್ಲಿಗೆ ನಡೆದು ಬರುತ್ತಾನೆಯೇ, ಅವನ ವಾಹನಕ್ಕಾಗಿ ಯಾರ ಬ್ಯಾಣ ಸಮತಟ್ಟಾಗುತ್ತದೆ? ಅವನು ಕೊಡುವ ಹಣ ಯಾವ ಕೈಗೆ ಸೇರುತ್ತದೆ? ವರ್ಷದಲ್ಲಿ ಎಷ್ಟು ದಿನ ಸದ್ದು, ಎಷ್ಟು ದಿನ ಮೌನ? ಮಳೆಗಾಲದಲ್ಲಿ ಆ ಜಾಗದ ನೀರು ಯಾವ ಹಳ್ಳಕ್ಕೆ ಹರಿಯುತ್ತದೆ? ಯೋಜನೆ ಸೋತರೆ ಸಾಲವನ್ನು ತೀರಿಸುವವರು ಯಾರು, ಅಗೆದ ಬೆಟ್ಟವನ್ನು ಮುಚ್ಚುವವರು ಯಾರು?

ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಸ್ಥಳ ಗ್ರಾಮಸಭೆ. 2011ರಲ್ಲಿ ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿ ಒತ್ತಿ ಹೇಳಿದ್ದೂ ಇದನ್ನೇ: ಘಟ್ಟದಲ್ಲಿ ಏನಾಗಬೇಕು, ಏನಾಗಬಾರದು ಎಂಬ ನಿರ್ಧಾರ ಮೇಲಿನಿಂದ ಇಳಿಯದೆ ಗ್ರಾಮಸಭೆಗಳ ಚರ್ಚೆಯಿಂದ ಮೂಡಿಬರಬೇಕು. ರಾಜಧಾನಿಯಲ್ಲಿ ಕುಳಿತವರಿಗೆ ದೂರದ ಬೆಟ್ಟ ಎಂದಿಗೂ ನುಣ್ಣಗೆಯೇ ಕಾಣುತ್ತದೆ. ಐಫೆಲ್‌ನ ಯೋಜಕರಿಗೂ ಹಾಗೆಯೇ ಕಂಡಿತ್ತು.

ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ತಮ್ಮ ಊರಿನ ದಿಣ್ಣೆ, ತಿರುವು, ಊಟೆ, ಬನಗಳ ಹೆಸರುಗಳನ್ನು ಹಿರಿಯರಿಂದ ಕೇಳಿ, ಅರ್ಥದೊಡನೆ ಬರೆದಿಟ್ಟುಕೊಳ್ಳಲಿ. ಯೋಜನೆಯ ನಕ್ಷೆ ಊರಿಗೆ ಬಂದ ದಿನ ಅದರ ಪಕ್ಕದಲ್ಲಿ ಹರಡಲು ಊರಿನದೇ ನಕ್ಷೆಯೊಂದು ಬೇಕಾಗುತ್ತದೆ. ‘ಖಾಲಿ ಜಾಗ’ ಎಂದು ಬರೆದಿರುವಲ್ಲಿ ನೀರಿನ ಕಣ್ಣಿದೆ ಎಂದು ತೋರಿಸಲು ಅದು ಸಾಕು.

ನ್ಯೂರ್ಬರ್ಗ್‌ರಿಂಗ್‌ಗೆ ಎಂದಾದರೂ ಹೋಗುವವರು ಉತ್ತರ ಸುತ್ತಿನ ದಿಣ್ಣೆಗಳನ್ನು ನೋಡಿದ ಮೇಲೆ ದಕ್ಷಿಣ ಸುತ್ತಿನ ಕಡೆಗೂ ನಡೆದು ಬರಬೇಕು. 7.7 ಕಿಲೋಮೀಟರಿನ ಆ ಸುತ್ತು 1970ರ ದಶಕದಲ್ಲಿ ಬಳಕೆ ತಪ್ಪಿತು. ಹೊಸ ಪಥ ಕಟ್ಟುವಾಗ ಅದರ ಒಂದು ಭಾಗ ಅಳಿಯಿತು. ಉಳಿದುದರಲ್ಲಿ ಸ್ವಲ್ಪ ಊರಿನ ರಸ್ತೆಯಾಗಿದೆ, ಸ್ವಲ್ಪ ಕಾಡಿನೊಳಗಿನ ಕಾಲುದಾರಿಯಾಗಿದೆ. ಅಲ್ಲಿ ಓಟವಿಲ್ಲ, ಟಿಕೆಟ್ಟಿಲ್ಲ, ಬೇಲಿಯಿಲ್ಲ. ಹಳೆಯ ರಸ್ತೆಯ ಎರಡೂ ಬದಿಯಿಂದ ಮರಗಳು ಒತ್ತಿ ಬಂದಿವೆ.